ಕೈಯ ನರ ಬಂತು, ಬೆನ್ನಿನದ್ದು ಎಂತಕ್ಕೆ ಬರೂದಿಲ್ಲ? ಮರದಿಂದ ಬಿದ್ದ ಒಬ್ಬ ಕೊನೆಗೌಡರ ಪ್ರಕರಣ

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಈ ಕೊನೆಗೌಡರ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಒಂದು ಹಳೆಯ ಗಾಯದ ಗೆರೆ ಇದೆ. ಒಂಬತ್ತು ವರ್ಷದ ಹಿಂದೆ ಕೊನೆ ಕೊಯ್ಯುವಾಗ ಕತ್ತಿ ಜಾರಿ ಆದದ್ದು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ಕೊಡುವ ನರ ಅಂದು ತುಂಡಾಗಿತ್ತು. ಮರುದಿನ ಹೊಲಿಗೆ ಹಾಕಿದರು. ಆರು ತಿಂಗಳು ಬೆರಳ ತುದಿ ಮರಗಟ್ಟಿಯೇ ಇತ್ತು. ಆಮೇಲೆ ಇರುವೆ ಹರಿದ ಹಾಗೆ ಶುರುವಾಯಿತು. ವರ್ಷ ಕಳೆಯುವಷ್ಟರಲ್ಲಿ, ಅಡಿಕೆ ಬಲಿತಿದೆಯೋ ಇಲ್ಲವೋ ಅಂತ ಒತ್ತಿ ನೋಡಿ ಹೇಳುವಷ್ಟು ಸ್ಪರ್ಶ ಬಂತು.

ಕಳೆದ ವರ್ಷದ ಜುಲೈನಲ್ಲಿ ಇದೇ ಮನುಷ್ಯ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಬಿದ್ದು ಮೂರು ತಿಂಗಳಾದ ಮೇಲೆ ನನ್ನ ಕೋಣೆಯಲ್ಲಿ ಅವರ ಹೆಂಡತಿ ಒಂದು ಮಾತು ಕೇಳಿದರು. "ಡಾಕ್ಟ್ರೇ, ಕೈಯದ್ದೂ ನರವೇ, ಬೆನ್ನಿನದ್ದೂ ನರವೇ. ಕೈಯದ್ದು ಬಂತು. ಇದು ಎಂತಕ್ಕೆ ಬರೂದಿಲ್ಲ?"

ನಾನು ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುವವನು. ಆ ದಿನ ಏನೋ ಒಂದು ಸಮಾಧಾನ ಹೇಳಿ ಕಳಿಸಿದೆ. ಆದರೆ ಅದು ಉತ್ತರವಾಗಿರಲಿಲ್ಲ. ಒಂದೇ ದೇಹ, ಎರಡು ನರದ ಗಾಯ, ಎರಡು ಬೇರೆ ಬೇರೆ ಫಲ. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ಉತ್ತರದ ದೊಡ್ಡ ಭಾಗ ಇರುವುದು ನಮ್ಮ ದೇಹವನ್ನು ಕಾಯುವ ರೋಗನಿರೋಧಕ ಕೋಶಗಳಲ್ಲಿ. ಅವು ಗಾಯಕ್ಕೆ ಯಾವಾಗ ಬರುತ್ತವೆ, ಬಂದು ಏನು ಮಾಡುತ್ತವೆ, ಕೆಲಸ ಮುಗಿದ ಮೇಲೆ ಹೋಗುತ್ತವೆಯೋ ಇಲ್ಲವೋ ಅನ್ನುವುದರಲ್ಲಿ. ಅವರ ಪ್ರಕರಣವನ್ನು ಆ ಕಣ್ಣಿನಿಂದ ನೋಡಿ ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು ಬರೆದಿಲ್ಲ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಬರೆದದ್ದು.

ಬಿದ್ದ ದಿನ

ಎರಡನೇ ಮದ್ದಿನ ಹೊತ್ತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. ನಾಲ್ಕು ದಿನ ಬಿಡದೆ ಸುರಿದ ಮಳೆ ಅಂದು ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಮರದ ಮೈಯೆಲ್ಲ ಪಾಚಿ. ಹತ್ತೂವರೆ ಹೊತ್ತಿಗೆ ಸುಮಾರು 30 ಅಡಿ ಮೇಲಿಂದ ಜಾರಿದರು. ಬಿದ್ದದ್ದು ಕಾದಿಗೆಯ, ಅಂದರೆ ತೋಟದ ನೀರು ಹರಿಯುವ ಕಾಲುವೆಯ ಅಂಚಿಗೆ, ಕುಂಡೆ ಊರಿ. ಪ್ರಜ್ಞೆ ತಪ್ಪಲಿಲ್ಲ. "ಕಾಲು ಎಲ್ಲಿದೆ ಅಂತ್ಲೇ ಗೊತ್ತಾಗ್ಲಿಲ್ಲ" ಎಂದು ಅವರು ಆಮೇಲೆ ನನಗೆ ಹೇಳಿದರು.

ಇಬ್ಬರು ಓಡಿ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದರು. ಪ್ರೀತಿಯಿಂದಲೇ ಮಾಡಿದ ತಪ್ಪು ಅದು. ಮುರಿದ ಬೆನ್ನನ್ನು ಬಗ್ಗಿಸಿದರೆ ಒಡೆದ ಮೂಳೆಯ ಚೂರು ಇನ್ನಷ್ಟು ಒಳಗೆ ಒತ್ತುತ್ತದೆ. ಅಷ್ಟರಲ್ಲಿ ತೋಟದ ಹೆಗಡೆಯವರು "ಕೂರ್ಸಬೇಡಿ, ಮಲಗ್ಸಿ" ಎಂದು ಕೂಗಿ, ಕೊಟ್ಟಿಗೆಯ ಹಳೆಯ ಬಾಗಿಲು ತರಿಸಿದರು. ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ, ಕಾಲು ಒಂದೇ ಸಾಲಿನಲ್ಲಿರುವ ಹಾಗೆ ಹೊರಳಿಸಿ ಬಾಗಿಲ ಮೇಲೆ ಮಲಗಿಸಿದರು. ಹಾಗೆಯೇ ರಸ್ತೆವರೆಗೆ ಹೊತ್ತರು.

ಶಿರಸಿಯಲ್ಲಿ ಎಕ್ಸ್‌ರೇ ಆಯಿತು. ಎದೆಯ ಭಾಗದ ಕೊನೆಯ ಬೆನ್ನುಮೂಳೆ, ಅಂದರೆ ಹನ್ನೆರಡನೆಯದು, ಒಡೆದಿತ್ತು. ಇಂಥ ಗಾಯಕ್ಕೆ ಆಪರೇಶನ್ ಮಾಡಿಸಬೇಕಾದರೆ ನಮ್ಮವರು ಜಿಲ್ಲೆ ದಾಟಿ ಹೋಗುವುದೇ ರೂಢಿ. ಹುಬ್ಬಳ್ಳಿ ಇಲ್ಲಿಂದ 100 ಕಿಲೋಮೀಟರ್ ಹತ್ತಿರ, ಮಣಿಪಾಲ ಇನ್ನೂ ಜಾಸ್ತಿ. 2022ರಲ್ಲಿ ಉತ್ತರ ಕನ್ನಡದ ಜನ ಸುಸಜ್ಜಿತ ಆಸ್ಪತ್ರೆ ಬೇಕೆಂದು ದನಿ ಎತ್ತಿದ್ದು ಇಂಥ ದಾರಿಗಳನ್ನು ನೋಡಿ ನೋಡಿ ಸಾಕಾಗಿಯೇ. ಇವರು ದೊಡ್ಡ ಆಸ್ಪತ್ರೆ ತಲುಪಿದ್ದು ಸಂಜೆ ಏಳಕ್ಕೆ. ಎಂಟೂವರೆ ಗಂಟೆ ಕಳೆದಿತ್ತು.

ಆ ಎಂಟೂವರೆ ಗಂಟೆ ಬೆನ್ನುಹುರಿಯ ಒಳಗೆ ಸುಮ್ನೆ ಕಳೆದಿರಲಿಲ್ಲ.

ಒಳಗೆ ಏನು ನಡೆಯುತ್ತಿತ್ತು

ಬೆನ್ನುಹುರಿ ಅಂದರೆ ನಮ್ಮ ಕಿರುಬೆರಳಿನಷ್ಟು ದಪ್ಪದ, ತೀರಾ ಮೆತ್ತಗಿನ ಹುರಿ. ಮೂಳೆಯ ಚೂರು ಬಂದು ಒತ್ತಿದಾಗ ಒಂದಿಷ್ಟು ಕೋಶ, ಒಂದಿಷ್ಟು ನರದ ಎಳೆ, ಒಂದಿಷ್ಟು ಸಣ್ಣ ರಕ್ತನಾಳ ಆ ಕ್ಷಣಕ್ಕೇ ಹಾಳಾಗುತ್ತವೆ. ಇದು ಮೊದಲ ಗಾಯ. ಇದನ್ನು ಯಾರೂ ವಾಪಸ್ ತರಲಾರರು. ಆದರೆ ಗಾಯ ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಅದು ಸುತ್ತಲೂ ಹರಡುತ್ತದೆ. ಬಿದ್ದಾಗ ಚೆನ್ನಾಗಿಯೇ ಇದ್ದ ಎಳೆಗಳೂ ಸಾಯುತ್ತವೆ. ಇದು ಎರಡನೇ ಗಾಯ.

ಇದನ್ನು ಮೊದಲು ಗುಮಾನಿಯಿಂದ ನೋಡಿದವರು ಆಲ್ಫ್ರೆಡ್ ರೆಜಿನಾಲ್ಡ್ ಅಲೆನ್ ಎಂಬ ಅಮೆರಿಕದ ವೈದ್ಯರು. 1911ರಲ್ಲಿ ಅವರು ನಾಯಿಗಳ ಬೆನ್ನುಹುರಿಯ ಮೇಲೆ ತೂಕ ಬೀಳಿಸಿ ಪರೀಕ್ಷೆ ಮಾಡಿದರು. ಕೆಲವೇ ಗಂಟೆಗಳಲ್ಲಿ ಹುರಿಯನ್ನು ಸೀಳಿ, ಒಳಗೆ ನಿಂತ ರಕ್ತ ಮತ್ತು ದ್ರವ ಹೊರಗೆ ಹೋಗಲು ಬಿಟ್ಟ ನಾಯಿಗಳು ಹೆಚ್ಚು ಚೇತರಿಸಿಕೊಂಡವು. ಆ ದ್ರವದಲ್ಲೇ ಏನೋ ಹಾನಿ ಮಾಡುವಂಥದ್ದು ಇದೆ ಎಂದು ಅವರು ಊಹಿಸಿದರು. ನೂರಕ್ಕೂ ಹೆಚ್ಚು ವರ್ಷ ಆಯಿತು, ಇಂದಿಗೂ ನಾವು ಆ ಊಹೆಯ ಬೆನ್ನು ಹಿಡಿದೇ ನಡೆಯುತ್ತಿದ್ದೇವೆ.

ಇವರ ಗಾಯದ ಗಡಿಯಾರ ಹೀಗೆ ಓಡಿರಬೇಕು. ಅವರು ಇನ್ನೂ ಕಾದಿಗೆಯ ಅಂಚಿನಲ್ಲಿ ಮಲಗಿದ್ದಾಗಲೇ ಮೈಕ್ರೋಗ್ಲಿಯಾ ಎಂಬ ಕೋಶಗಳು ಎದ್ದಿದ್ದವು. ಇವು ಮಿದುಳು ಮತ್ತು ಬೆನ್ನುಹುರಿಯಲ್ಲೇ ಮನೆ ಮಾಡಿಕೊಂಡಿರುವ ಕಾವಲು ಕೋಶಗಳು. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ ಇವನ್ನು ಬೇರೆಯಾಗಿ ಗುರುತಿಸಿದರು. ಸುಮ್ಮನಿರುವಾಗಲೂ ಇವು ತಮ್ಮ ಸಣ್ಣ ಕೊಂಬೆಗಳನ್ನು ಆಡಿಸುತ್ತ ಸುತ್ತಮುತ್ತ ತಡಕುತ್ತಿರುತ್ತವೆ. ಒಡೆದ ಕೋಶದಿಂದ ಎಟಿಪಿ ಎಂಬ ಶಕ್ತಿಯ ಅಣು ಸೋರಿದರೆ ಸಾಕು, ನಿಮಿಷಗಳಲ್ಲೇ ಆ ಕಡೆಗೆ ಕೊಂಬೆ ಚಾಚುತ್ತವೆ. ಅಪಾಯ ಎಂದು ಕೂಗುವ ರಾಸಾಯನಿಕಗಳನ್ನು ಬಿಡುತ್ತವೆ.

ಆ ಕೂಗು ರಕ್ತನಾಳದ ಗೋಡೆಗೆ ತಲುಪುತ್ತದೆ. ಬೆನ್ನುಹುರಿಗೆ ಸಾಮಾನ್ಯವಾಗಿ ಒಂದು ಗಟ್ಟಿ ತಡೆಗೋಡೆ ಇದೆ. ರಕ್ತದ ಕೋಶಗಳು ಸುಲಭವಾಗಿ ಒಳಗೆ ಬರುವಂತಿಲ್ಲ. ಗಾಯದಲ್ಲಿ ಆ ಗೋಡೆ ಬಿರುಕು ಬಿಟ್ಟಿರುತ್ತದೆ. ನಾಳದ ಒಳಮೈ ಅಂಟಂಟಾಗುತ್ತದೆ. ಅವರು ಆಂಬುಲೆನ್ಸಿನಲ್ಲಿದ್ದಾಗಲೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಆ ಗೋಡೆಗೆ ಅಂಟಿ, ನುಸುಳಿ ಒಳಗೆ ಇಳಿಯತೊಡಗಿರಬೇಕು. ಇಂಥ ಗಾಯವಾಗಿ ತೀರಿಕೊಂಡವರ ಬೆನ್ನುಹುರಿ ಪರೀಕ್ಷಿಸಿದಾಗ ನಾಲ್ಕು ಗಂಟೆಯ ಗಾಯದಲ್ಲೇ ನ್ಯೂಟ್ರೋಫಿಲ್ ಕಂಡಿವೆ. ಒಂದರಿಂದ ಮೂರನೇ ದಿನದ ಗಾಯದಲ್ಲಿ ಅತಿ ಹೆಚ್ಚು.

ನ್ಯೂಟ್ರೋಫಿಲ್‌ಗಳು ಹುಟ್ಟಿರುವುದು ಕ್ರಿಮಿ ಕೊಲ್ಲಲು. ಅವುಗಳ ಕೈಲಿರುವ ಆಯುಧಗಳೂ ಅಂಥವೇ. ಪ್ರೋಟೀನು ಕರಗಿಸುವ ಕಿಣ್ವಗಳಿವೆ. ಬಟ್ಟೆಯ ಬ್ಲೀಚಿನಲ್ಲಿ ಇರುವಂಥ ಆಮ್ಲವನ್ನೂ ತಯಾರಿಸುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಇದೇ ನಮ್ಮನ್ನು ಉಳಿಸುತ್ತದೆ. ಆದರೆ ಇವರ ಬೆನ್ನುಹುರಿಯಲ್ಲಿ ಕ್ರಿಮಿಯೇ ಇರಲಿಲ್ಲ. ಚರ್ಮ ಒಂದು ಚೂರೂ ಹರಿದಿರಲಿಲ್ಲ. ಶತ್ರುವಿಲ್ಲದ ಜಾಗದಲ್ಲಿ ಆಯುಧ ಬೀಸಿದರೆ ಏಟು ಬೀಳುವುದು ಪಕ್ಕದವರಿಗೇ ಅಲ್ವಾ? ಬದುಕಿದ್ದ ನರದ ಎಳೆಗೆ, ಅದರ ಮೇಲಿನ ಮೈಲಿನ್ ಹೊದಿಕೆಗೆ ಪೆಟ್ಟು ಬೀಳುತ್ತದೆ.

ರಾತ್ರಿ ಎಂಆರ್‌ಐ ಆಯಿತು. ಒತ್ತಿದ ಜಾಗದ ಮೇಲೂ ಕೆಳಗೂ ಹುರಿ ಊದಿಕೊಂಡಿತ್ತು. ಬೆಳಿಗ್ಗೆ ಒಂಬತ್ತಕ್ಕೆ, ಬಿದ್ದು ಇಪ್ಪತ್ತೆರಡೂವರೆ ಗಂಟೆಗೆ, ಆಪರೇಶನ್ ಶುರುವಾಯಿತು. ಮೂಳೆಯ ಚೂರು ಸರಿಸಿ, ರಾಡು ಸ್ಕ್ರೂ ಹಾಕಿ ನಿಲ್ಲಿಸಿದರು. 24 ಗಂಟೆಯ ಒಳಗೆ ಒತ್ತಡ ತೆಗೆದರೆ ಒಳ್ಳೆಯದು ಎಂಬ ಮಾತಿಗೆ ಆಧಾರವಿದೆ. 2012ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಕುತ್ತಿಗೆಯ ಗಾಯದವರ ಪೈಕಿ ಬೇಗ ಆಪರೇಶನ್ ಆದವರಲ್ಲಿ ಶೇಕಡಾ 19.8 ಜನ ಆರು ತಿಂಗಳಲ್ಲಿ, ಬೆನ್ನುಹುರಿ ಗಾಯದ ತೀವ್ರತೆಯನ್ನು ಎ ಇಂದ ಇ ವರೆಗೆ ಅಳೆಯುವ ಅಳತೆಯಲ್ಲಿ, ಎರಡು ಹಂತ ಅಥವಾ ಅದಕ್ಕೂ ಹೆಚ್ಚು ಮೇಲೇರಿದ್ದರು. ತಡವಾದವರಲ್ಲಿ ಶೇಕಡಾ 8.8. ಮೂಳೆ ಒತ್ತಿಕೊಂಡಿದ್ದಷ್ಟು ಹೊತ್ತು ರಕ್ತ ಓಡುವುದಿಲ್ಲ. ರಕ್ತ ಇಲ್ಲದೆ ಕೋಶ ಸಾಯುತ್ತದೆ. ಸತ್ತ ಕೋಶ ಸೋರಿ ಮತ್ತಷ್ಟು ಕಾವಲಿನವರನ್ನು ಕರೆಯುತ್ತದೆ. ಬೇಗ ಎತ್ತಿದರೆ ಈ ಸರಪಳಿಯ ಒಂದು ಕೊಂಡಿ ಬಿಚ್ಚಿದ ಹಾಗೆ. ಐಸಿಯುನಲ್ಲಿ ಐದು ದಿನ ರಕ್ತದೊತ್ತಡ ಇಳಿಯದ ಹಾಗೆ ನೋಡಿಕೊಂಡದ್ದೂ ಇದಕ್ಕೇ.

ಆ ಒಂದು ಇಂಜೆಕ್ಷನ್

"ಒಂದು ಇಂಜೆಕ್ಷನ್ ಉಂಟಂತೆ, ಅದನ್ನ ಕೊಡಲೇ ಇಲ್ಲ" ಎಂಬ ಕೊರಗು ಅವರ ಮನೆಯಲ್ಲಿ ಬಹಳ ದಿನ ಇತ್ತು. ಸಂಬಂಧಿಕರೊಬ್ಬರು ಹೇಳಿದ್ದಂತೆ. ಅದು ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. 1990ರಲ್ಲಿ ಅಮೆರಿಕದ ಒಂದು ಪ್ರಯೋಗ, ಗಾಯವಾಗಿ ಎಂಟು ಗಂಟೆಯೊಳಗೆ ಇದನ್ನು ಭಾರೀ ಪ್ರಮಾಣದಲ್ಲಿ ಕೊಟ್ಟರೆ ಚೇತರಿಕೆ ಸ್ವಲ್ಪ ಹೆಚ್ಚು ಎಂದಿತು. ಲೋಕದ ತುಂಬ ಕೊಡತೊಡಗಿದರು. ಲೆಕ್ಕ ಸರಳವಾಗಿತ್ತು. ಕಾವಲು ಕೋಶ ಹಾನಿ ಮಾಡುತ್ತಿದ್ದರೆ ಅವನ್ನು ಅದುಮಿಬಿಡೋಣ.

ಆದರೆ ಲಾಭ ಸಣ್ಣದು, ನಷ್ಟ ದೊಡ್ಡದು ಎಂದು ಬರಬರುತ್ತ ಕಂಡಿತು. ಇಡೀ ಮೈಯ ರೋಗನಿರೋಧಕ ಶಕ್ತಿಯನ್ನು ಅದುಮಿದರೆ ಸೋಂಕು ಹೆಚ್ಚುತ್ತದೆ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಸಂಘಗಳ ಮಾರ್ಗಸೂಚಿ ಇದನ್ನು ಕೊಡಬೇಡಿ ಎಂದಿತು. 2017ರ ಇನ್ನೊಂದು ಮಾರ್ಗಸೂಚಿ, ಎಂಟು ಗಂಟೆಯೊಳಗಾದರೆ 24 ಗಂಟೆ ಕಾಲ ಕೊಡುವುದು ಒಂದು ಆಯ್ಕೆ ಎಂದಿತು. ಇವರು ತಲುಪುವಾಗ ಎಂಟು ಗಂಟೆ ಮೀರಿತ್ತು. ಕೊಡದಿದ್ದದ್ದು ಸರಿ. ಇದನ್ನು ನಾನು ಅವರ ಹೆಂಡತಿಗೆ ಕೂತು ಬಿಡಿಸಿ ಹೇಳಿದೆ. ಕೊರಗು ಇಳಿದದ್ದು ಅವರ ಮುಖದಲ್ಲೇ ಕಾಣಿಸಿತು.

ಕಸ ಬಳಿಯುವವರು

ಈಗ ಅವರ ಪ್ರಶ್ನೆಗೆ ಬರುತ್ತೇನೆ. ಕೈಯ ನರ ಎಂತಕ್ಕೆ ಬಂತು?

ನರದ ಎಳೆ ತುಂಡಾದರೆ ತುಂಡಿನ ಆಚೆಗಿನ ಭಾಗ ಸಾಯುತ್ತದೆ. ಕೈಯಲ್ಲೂ ಹಾಗೆಯೇ, ಬೆನ್ನಲ್ಲೂ ಹಾಗೆಯೇ. ಸತ್ತ ಎಳೆಯ ಸುತ್ತ ಮೈಲಿನ್ ಹೊದಿಕೆಯ ಚೂರು ಬಿದ್ದಿರುತ್ತದೆ. ಆ ಮೈಲಿನ್ ಚೂರಿನಲ್ಲಿ ಹೊಸ ಎಳೆಯನ್ನು ಬೆಳೆಯಲು ಬಿಡದ ಪದಾರ್ಥಗಳಿವೆ. ಹಾಗಾಗಿ ಮೊದಲು ಕಸ ಹೋಗಬೇಕು. ಕಸ ತಿನ್ನುವುದು ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳ ಕೆಲಸ.

ತೋಟದ ಮಾತಲ್ಲಿ ಹೇಳುವುದಾದರೆ, ಮರ ಬಿದ್ದ ಜಾಗದಲ್ಲಿ ಸೋಗೆ, ಹಾಳೆ ಎಲ್ಲ ಎಳೆದು ಹಾಕಿದರೆ ತಾನೇ ಹೊಸ ಸಸಿ ನೆಡಲು ಆಗುವುದು? ಕೈಯ ನರದಲ್ಲಿ ಶ್ವಾನ್ ಕೋಶ ಎಂಬ ಮನೆಯ ಆಳುಗಳಿದ್ದಾರೆ. ಗಾಯವಾದ ಕೂಡಲೇ ತಾವೂ ಕಸ ತಿನ್ನುತ್ತಾರೆ, ಮ್ಯಾಕ್ರೋಫೇಜ್‌ಗಳನ್ನೂ ಕರೆಯುತ್ತಾರೆ. ಕೆಲವೇ ವಾರಗಳಲ್ಲಿ ಜಾಗ ಚೊಕ್ಕ. ಆಮೇಲೆ ಸಾಲಾಗಿ ನಿಂತು ಹೊಸ ಎಳೆಗೆ ದಾರಿ ತೋರಿಸುತ್ತಾರೆ. ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಹಿಡಿಯಿರಿ. 180 ದಿನ. ಆರು ತಿಂಗಳಿಗೆ ಬೆರಳಲ್ಲಿ ಇರುವೆ ಹರಿಯಲು ಶುರುವಾಯಿತು ಎಂದು ಅವರು ಹೇಳಿದ್ದು ಲೆಕ್ಕಕ್ಕೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ.

ಬೆನ್ನುಹುರಿಯಲ್ಲಿ ಶ್ವಾನ್ ಕೋಶ ಇಲ್ಲ. ಅಲ್ಲಿ ಮೈಲಿನ್ ಮಾಡುವ ಕೋಶ ಬೇರೆ, ಅದಕ್ಕೆ ಕಸ ಬಳಿಯಲು ಬರುವುದಿಲ್ಲ. ಮೂರನೇ ದಿನದ ಹೊತ್ತಿಗೆ ರಕ್ತದಿಂದ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ಬಂದು ಮ್ಯಾಕ್ರೋಫೇಜ್ ಆಗುತ್ತವೆ. ಒಂದು ವಾರಕ್ಕೆ ಗಾಯದ ತುಂಬ ಅವೇ. ಮೈಲಿನ್ ತಿನ್ನುತ್ತವೆ, ನಿಜ. ಆದರೆ ಅದರ ಕೊಬ್ಬು ಪೂರ್ತಿ ಅರಗಿಸಲಾಗದೆ ನೊರೆ ತುಂಬಿದ ಹಾಗೆ ಊದಿಕೊಂಡು ಅಲ್ಲೇ ಕೂರುತ್ತವೆ. ಕೈಯಲ್ಲಿ ಕೆಲಸ ಮುಗಿಸಿ ಹೊರಟುಹೋದವು ಇಲ್ಲಿ ಹೊರಡುವುದೇ ಇಲ್ಲ. ಮನುಷ್ಯರ ಬೆನ್ನುಹುರಿಯಲ್ಲಿ ಅವು ತಿಂಗಳುಗಟ್ಟಲೆ, ಅದಕ್ಕೂ ಹೆಚ್ಚು ಕಾಲ ಇರುತ್ತವೆ. ಮೈಲಿನ್ ಕಸವಂತೂ ವರ್ಷ ಕಳೆದರೂ ಉಳಿದಿರುತ್ತದೆ. ಸುತ್ತಲೂ ಆಸ್ಟ್ರೊಸೈಟ್ ಎಂಬ ಆಸರೆ ಕೋಶಗಳು ಒತ್ತೊತ್ತಾಗಿ ನಿಂತು ಬೇಲಿ ಕಟ್ಟುತ್ತವೆ. ನಡುವೆ ಟೊಳ್ಳು ಉಳಿಯುತ್ತದೆ.

ಹಾಗಾದರೆ ಬೆನ್ನುಹುರಿಯ ಎಳೆಗೆ ಬೆಳೆಯುವ ಶಕ್ತಿಯೇ ಇಲ್ಲವೇ? ಇದೆ. 1981ರಲ್ಲಿ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಸೇತುವೆಯ ಹಾಗೆ ಜೋಡಿಸಿದರು. ಬೆನ್ನುಹುರಿಯ ಎಳೆಗಳು ಆ ಸೇತುವೆಯೊಳಗೆ 3 ಸೆಂಟಿಮೀಟರ್‌ನಷ್ಟು ಬೆಳೆದವು. ಸೇತುವೆ ಮುಗಿದು ಮತ್ತೆ ಹುರಿಯೊಳಗೆ ಕಾಲಿಟ್ಟ ಕೂಡಲೇ ನಿಂತುಬಿಟ್ಟವು. ಎಳೆಯ ಶಕ್ತಿಯಷ್ಟೇ ಸಾಲದು, ಸುತ್ತಲಿನ ನೆಲವೂ ಹದವಾಗಿರಬೇಕು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಆಗದು.

ಇಷ್ಟು ಓದಿದ ಮೇಲೆ ಈ ಕಾವಲು ಕೋಶಗಳನ್ನೆಲ್ಲ ಓಡಿಸಿದರೆ ಸಾಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಅದು ತಪ್ಪು. 2019ರಲ್ಲಿ ಇಲಿಗಳಲ್ಲಿ ಮೈಕ್ರೋಗ್ಲಿಯಾ ತೆಗೆದು ನೋಡಿದರು. ಗಾಯ ಇನ್ನೂ ಹರಡಿತು, ಕಾಲಿನ ಚೇತರಿಕೆ ಕಡಿಮೆಯಾಯಿತು. 2016ರಲ್ಲಿ ಮೈಕೆಲ್ ಸೊಫ್ರೊನೀವ್ ಅವರ ತಂಡ ಆಸ್ಟ್ರೊಸೈಟ್ ಬೇಲಿಯನ್ನು ತಡೆದು ನೋಡಿತು. ಎಳೆ ಬೆಳೆಯಲಿಲ್ಲ. ಬೇಲಿ ಇದ್ದರೇ ವಾಸಿ ಎಂದು ಕಂಡಿತು. 2020ರಲ್ಲಿ, ಹುಟ್ಟಿ ಎರಡು ದಿನದ ಇಲಿಮರಿಯ ಜಜ್ಜಿದ ಬೆನ್ನುಹುರಿ ಕಲೆಯೇ ಇಲ್ಲದೆ ಮಾಗುವುದು ಕಂಡಿತು. ಮಾಗಿಸಿದ್ದು ಇದೇ ಮೈಕ್ರೋಗ್ಲಿಯಾ. ಅಂದರೆ ಒಂದೇ ಕೋಶ ಎಳವೆಯಲ್ಲಿ ಮಾಗಿಸುತ್ತದೆ, ಬೆಳೆದ ಮೇಲೆ ಆ ಕೆಲಸ ಬಿಡುತ್ತದೆ. ಈಗ ಸಂಶೋಧಕರು ಹುಡುಕುತ್ತಿರುವುದು ಅವನ್ನು ಕೊಲ್ಲುವ ಮದ್ದನ್ನಲ್ಲ. ಕೆಲಸ ಮುಗಿಸಿ ಹೊರಡುವ ಬುದ್ಧಿ ಕೊಡುವ ಮದ್ದನ್ನು.

ಮೂರನೇ ವಾರ, ನಾಲ್ಕನೇ ವಾರ

ಅವರನ್ನು ನಾನು ಮೊದಲು ನೋಡಿದ್ದು ಹದಿನೆಂಟನೇ ದಿನ. ಪರೀಕ್ಷೆಗೆ ನನ್ನ ಹತ್ತಿರ ಇದ್ದದ್ದು ಒಂದು ಹತ್ತಿಯ ಎಳೆ, ಒಂದು ಪಿನ್ನು, ನನ್ನ ಕೈ. ತೊಡೆಯಿಂದ ಕೆಳಗೆ ಯಾವ ಸ್ನಾಯುವೂ ಅಲುಗುತ್ತಿರಲಿಲ್ಲ. ಆದರೆ ಗುದದ್ವಾರದ ಸುತ್ತ ಹತ್ತಿ ತಾಗಿಸಿದಾಗ "ಅಲ್ಲೇನೋ ತಾಗ್ತು" ಅಂದರು. ಕೇಳಲು ಸಣ್ಣ ವಿಷಯ. ನಮಗೆ ಅದು ಬಹಳ ದೊಡ್ಡದು. ಗಾಯದ ಜಾಗವನ್ನು ದಾಟಿ ಕೆಲವು ಎಳೆಗಳಾದರೂ ಉಳಿದಿವೆ ಎಂದರ್ಥ. ಎ ಇಂದ ಇ ವರೆಗಿನ ಅಳತೆಯಲ್ಲಿ ಎ ಅಂದರೆ ಕೆಳಗೆ ಏನೂ ಇಲ್ಲ. ಇವರು ಬಿ.

ಇಪ್ಪತ್ತೊಂದನೇ ದಿನ ಎಡತೊಡೆಯ ಮೇಲೆ ಬೆರಳಿಟ್ಟು, "ಮೊಣಕಾಲು ಚಾಚಿ ಅಣ್ಣ" ಅಂದೆ. ಕಾಲು ಹಂದಲಿಲ್ಲ. ಆದರೆ ಬೆರಳಿನಡಿ ಒಂದು ಮಿಡುಕು ಸಿಕ್ಕಿತು, ಗಾಳಕ್ಕೆ ಮೀನು ಮುಟ್ಟಿದ ಹಾಗೆ. ಇನ್ನೊಮ್ಮೆ ಅಂದೆ. ಇನ್ನೊಮ್ಮೆ ಮಿಡುಕಿತು. ಅವರ ಹೆಂಡತಿಯ ಬೆರಳನ್ನೂ ಹಿಡಿದು ಅಲ್ಲಿ ಇಟ್ಟೆ.

ನಾಲ್ಕನೇ ವಾರ ಜ್ವರ ಬಂತು, ಚಳಿ ನಡುಕ. ಮೂತ್ರದ ಸೋಂಕು. ಮೂತ್ರ ಇಳಿಸಲು ಹಾಕಿದ್ದ ಕ್ಯಾಥೆಟರ್ ನಳಿಗೆಯ ದಾರಿಯಾಗಿ ಬಂದದ್ದು. ಸೊಂಟದ ಹಿಂದೆ ಹತ್ತು ರೂಪಾಯಿ ನಾಣ್ಯದಷ್ಟು ಚರ್ಮ ಕೆಂಪಾಗಿ ಹುಣ್ಣಿನ ಶುರುವೂ ಕಂಡಿತು. ಆ ಹತ್ತು ದಿನ ತೊಡೆಯ ಮಿಡುಕು ಸಿಗಲೇ ಇಲ್ಲ.

ಸೋಂಕು ಮೂತ್ರಕೋಶದಲ್ಲಿ, ಮಿಡುಕು ಹೋದದ್ದು ತೊಡೆಯಲ್ಲಿ. ಸಂಬಂಧ ಇದೆಯೇ? ಜ್ವರದಲ್ಲಿ ಸೋತ ನರ ಇನ್ನಷ್ಟು ಸೋಲುತ್ತದೆ, ಅದೊಂದು ಕಾರಣ. ಇನ್ನೊಂದು ಕಾರಣ ನಮ್ಮ ಕಥೆಗೆ ಸೇರಿದ್ದು. ಒಮ್ಮೆ ಎದ್ದ ಮೈಕ್ರೋಗ್ಲಿಯಾ ಮತ್ತೆ ಮಲಗಿದರೂ ನಿದ್ದೆ ತೆಳುವಾಗಿಯೇ ಇರುತ್ತದೆ. ರಕ್ತದಲ್ಲಿ ಸೋಂಕಿನ ಸುದ್ದಿ ಹರಿದಾಡಿದರೆ ಮೊದಲಿಗಿಂತ ಜೋರಾಗಿ ಏಳುತ್ತವೆ. ಬೆನ್ನುಹುರಿ ಗಾಯದವರ ದೊಡ್ಡ ದಾಖಲೆಗಳನ್ನು ನೋಡಿದಾಗ, ಆಸ್ಪತ್ರೆಯಲ್ಲಿ ನ್ಯುಮೋನಿಯಾ ಅಥವಾ ಗಾಯದ ಸೋಂಕು ಆದವರ ಚೇತರಿಕೆ ಕಡಿಮೆ ಎಂದು ಕಂಡಿದೆ. ಮೂತ್ರದ ಸೋಂಕಿಗೆ ಅದೇ ಲೆಕ್ಕ ನೇರವಾಗಿ ಹಚ್ಚಲು ಬರುವುದಿಲ್ಲ. ಆದರೂ ಆ ದಿನದಿಂದ ನಾನು ಸೋಂಕನ್ನು ಬೇರೆ ಖಾಯಿಲೆ ಎಂದು ನೋಡುವುದು ಬಿಟ್ಟೆ. ಅದು ಬೆನ್ನಿನ ಗಾಯದ್ದೇ ಭಾಗ.

ಒಂದು ವಿಷಯದಲ್ಲಿ ಇವರಿಗೆ ಗಾಯದ ಜಾಗ ಒದಗಿ ಬಂತು. ಗುಲ್ಮಕ್ಕೆ, ಅಂದರೆ ರೋಗನಿರೋಧಕ ಕೋಶಗಳ ದೊಡ್ಡ ಠಾಣೆಗೆ, ನರದ ಹತೋಟಿ ಹೋಗುವುದು ಎದೆಯ ನಡುಭಾಗದ ಬೆನ್ನುಹುರಿಯಿಂದ. ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಗಾಯವಾದರೆ ಆ ಹತೋಟಿ ತಪ್ಪಿ, ಇಡೀ ಮೈ ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ. ಇವರ ಗಾಯ ಅದಕ್ಕಿಂತ ಕೆಳಗಿತ್ತು.

ಅವರ ಹೆಂಡತಿ ನಾಲ್ಕೈದು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ತೆಗೆಯುವುದನ್ನು ಕಲಿತರು. ಸೋಪಿನಲ್ಲಿ ಕೈ ತೊಳೆಯುವಾಗ ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತಾರೆ. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಯಾವ ಪ್ರಯೋಗಾಲಯದ ಮದ್ದಿಗೂ ಕಡಿಮೆಯಿಲ್ಲದ ಕೆಲಸ ಇದು ಎಂದು ನಾನು ನಂಬುತ್ತೇನೆ. ಆಮೇಲೆ ಹುಣ್ಣು ಮಾಗಿತು. ಜ್ವರದ ಸೋಂಕು ಒಂದೇ ಸಲ ಬಂತು.

ಆರನೇ ತಿಂಗಳಲ್ಲಿ ದೂರದ ಪಟ್ಟಣವೊಂದರಿಂದ ಸ್ಟೆಮ್ ಸೆಲ್ (ಕಾಂಡಕೋಶ) ಚುಚ್ಚುಮದ್ದಿನ ಮಾತು ಬಂತು. ಇರುವ ಹತ್ತು ಗುಂಟೆ ಅಡವಿಡಲು ಮನೆಯವರು ಸಿದ್ಧರಾಗಿದ್ದರು. ನಾನು ಅವರಿಗೆ ಇಸ್ರೇಲಿನ ಕಥೆ ಹೇಳಿದೆ. ಮಿಖಾಲ್ ಶ್ವಾರ್ಟ್ಜ್ ಎಂಬ ವಿಜ್ಞಾನಿಗೆ, ಮ್ಯಾಕ್ರೋಫೇಜ್‌ಗೆ ಒಳ್ಳೆಯ ಗುಣ ಕಲಿಸಿದರೆ ಬೆನ್ನುಹುರಿ ಮಾಗಬಹುದು ಎನ್ನಿಸಿತು. ಇಲಿಗಳಲ್ಲಿ ಫಲ ಸಿಕ್ಕಿತು. ರೋಗಿಯದೇ ರಕ್ತದ ಕೋಶ ತೆಗೆದು, ಅವರದೇ ಚರ್ಮದ ಜೊತೆ ಇಟ್ಟು ತಯಾರು ಮಾಡಿ, ಗಾಯವಾಗಿ ಎರಡು ವಾರದೊಳಗೆ ಬೆನ್ನುಹುರಿಗೆ ಚುಚ್ಚಿದರು. ಮೊದಲ ಸಣ್ಣ ಪ್ರಯೋಗದಲ್ಲಿ ಆಸೆ ಮೂಡಿತು. ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂದಾಗ ಲಾಭ ಕಾಣಲಿಲ್ಲ. ಅಷ್ಟು ಎಚ್ಚರದಿಂದ ಮಾಡಿದ್ದೇ ಹಾಗಾಯಿತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿಗೆ ಸ್ಟೆಮ್ ಸೆಲ್ ಇನ್ನೂ ಸಂಶೋಧನೆ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಜಮೀನು ಅಡವಿಡಲಿಲ್ಲ.

ಈಗ

ಹದಿನೇಳು ತಿಂಗಳಾಯಿತು. ಎಡ ಮೊಣಕಾಲು ನೆಲದ ಎಳೆತಕ್ಕೆ ಎದುರಾಗಿ ಚಾಚಬಲ್ಲರು. ಬಲಗಾಲು ಮಲಗಿದಲ್ಲೇ ಅಷ್ಟಿಷ್ಟು ಸರಿಯುತ್ತದೆ. ಪಾದ ಅಲುಗುವುದಿಲ್ಲ. ಅಳತೆಯಲ್ಲಿ ಈಗ ಅವರು ಸಿ. ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಕಟ್ಟಿ, ವಾಕರ್ ಹಿಡಿದು ಜಗುಲಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಮೂತ್ರಕ್ಕೆ ಕ್ಯಾಥೆಟರ್ ಬೇಕೇ ಬೇಕು.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಅಡಿಕೆ ಸುಲಿಯುವ ಕಾಲ. ಹೆಂಡತಿ ಅವರಿಗಾಗಿ ಮೆಟಗತ್ತಿಯನ್ನು ಎತ್ತರದ ಬೆಂಚಿಗೆ ಕೂರಿಸಿಕೊಟ್ಟಿದ್ದಾರೆ. ಕೆಳಗೆ ಗಾಳಿ ತುಂಬಿದ ದಿಂಬು. ಕಾಲು ಗಂಟೆಗೊಮ್ಮೆ ಇವರು ಎರಡೂ ಕೈ ಊರಿ ಕುಂಡೆ ಎತ್ತಿ ಇಳಿಸುತ್ತಾರೆ, ಹುಣ್ಣಾಗಬಾರದೆಂದು. ಎಡಗೈ ಹೆಬ್ಬೆರಳು ಅಡಿಕೆಯನ್ನು ತಿರುಗಿಸುತ್ತಿತ್ತು, ಒಂಬತ್ತು ವರ್ಷದ ಹಿಂದೆ ತುಂಡಾಗಿ ಬಂದ ಅದೇ ಹೆಬ್ಬೆರಳು.

ಅವರ ಹೆಂಡತಿಗೆ ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಸೋಗೆ ಬಳಿಯುವ ಆಳು ಕೈಯಲ್ಲಿದ್ದಾರೆ, ಬೆನ್ನಲ್ಲಿ ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಎಡಗಾಲು ಹೆಂಗೆ ಬಂತು?" ಎಂದರು.

ಸರಿಯಾದ ಪ್ರಶ್ನೆ. ಹನ್ನೆರಡನೇ ಮೂಳೆಯ ಹತ್ತಿರ ಹುರಿಯ ಪಕ್ಕದಲ್ಲೇ ತೊಡೆಗೆ ಹೋಗುವ ನರದ ಬೇರುಗಳು ಇಳಿಯುತ್ತವೆ. ಆ ಬೇರುಗಳು ಕೈಯ ನರದ ಜಾತಿಯವು. ಅಲ್ಲಿ ಶ್ವಾನ್ ಕೋಶಗಳಿವೆ. ತೊಡೆಗೆ ಬಂದ ಬಲದಲ್ಲಿ ಒಂದಿಷ್ಟು ಹುರಿಯಲ್ಲಿ ಉಳಿದ ಎಳೆಗಳದ್ದು, ಒಂದಿಷ್ಟು ಆ ಬೇರುಗಳದ್ದು ಇರಬೇಕು. ಅದನ್ನೇ ಹೇಳಿದೆ.

"ಅಡ್ಡಿಲ್ಲ" ಅಂದರು ಅವರು. ಗಂಡನ ಮುಂದೆ ಇನ್ನೊಂದು ಬುಟ್ಟಿ ಅಡಿಕೆ ಸುರಿದು, ಗಡಿಯಾರ ನೋಡಿ, ಕೈ ತೊಳೆಯಲು ಒಳಗೆ ಹೋದರು.